ಹಾಲನ್ನೂ ಮುಟ್ಟದವಳು

"ಹೊರಗಡೆ ಬೋರ್ಡ್ ಓದ್ಲಿಲ್ವಾ ಮೇಡಂ? ಶುದ್ಧ ಸಸ್ಯಾಹಾರಿ ಕಣ್ರೀ ನಮ್ದು."

"ಓದಿದೆ. ಬೆಣ್ಣೆ ಯಾವ ಗಿಡದಲ್ಲಿ ಬಿಡುತ್ತೆ ಅಂತ ಮಾತ್ರ ಹೇಳಿ."

ಹುಣಸೂರು ಬಸ್ ಸ್ಟ್ಯಾಂಡ್ ಎದುರಿನ ಆ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಯಾರೋ ಕಿಸಕ್ಕನೆ ನಕ್ಕರು. ಗಲ್ಲಾದಿಂದ ಎದ್ದು ಬಂದಿದ್ದ ಉಮಾಶಂಕರನ ಕಿವಿ ಕೆಂಪಾಯಿತು.

ಪ್ರಿಯಾಳ ಮುಂದಿನ ತಟ್ಟೆಯಲ್ಲಿ ದೋಸೆಯ ಮೇಲಿನ ಬೆಣ್ಣೆ ಕರಗಿ ಹರಿಯುತ್ತಿತ್ತು. ಬೆಣ್ಣೆ ಬೇಡ, ತುಪ್ಪ ಬೇಡ, ಬರೀ ಎಣ್ಣೆಯಲ್ಲಿ ಮಾಡಿಕೊಡಿ ಅಂತ ಅವಳು ಮೊದಲೇ ಹೇಳಿದ್ದಳು. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಹಾಲು ತುಪ್ಪವನ್ನೂ ಬಿಟ್ಟರೆ ಅದೆಂಥ ಊಟ ಅಂತ ಅವನು ಸೋಲೊಪ್ಪದೆ ಕೇಳಿದ. ಊರಿನ ಆಸ್ಪತ್ರೆಯೊಂದರಲ್ಲಿ ಡಯಟಿಷಿಯನ್ ಆಗಿದ್ದ ಅವಳು ರೋಗಿಗಳಿಗೆ ಹೇಳುವ ಹಾಗೆಯೇ ನಿಧಾನವಾಗಿ ಹೇಳಿದಳು. ಹಾಲು ಕುಡಿದು ಮೊಟ್ಟೆ ಬಿಡುವವರೂ ಸಸ್ಯಾಹಾರಿಗಳೇ, ನಮ್ಮ ಕಡೆ ಹೆಚ್ಚಿನವರು ಅವರೇ. ಮೊಟ್ಟೆ ತಿಂದು ಹಾಲು ಬಿಡುವವರಿದ್ದಾರೆ. ಎರಡನ್ನೂ ತಿಂದು ಮಾಂಸ ಮೀನು ಮಾತ್ರ ಬಿಟ್ಟವರಿದ್ದಾರೆ. ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದವರು, ನೆಲದೊಳಗಿನ ಗಡ್ಡೆಯನ್ನೂ ತಿನ್ನದವರು ಇದ್ದಾರೆ. ಪ್ರಾಣಿಯಿಂದ ಬಂದದ್ದು ಏನೂ ಬೇಡ, ಜೇನುತುಪ್ಪವೂ ಬೇಡ ಅನ್ನುವವರಿದ್ದಾರೆ. ನಾನು ಆ ಕೊನೆಯವಳು ಅಂದಳು.

ಉಮಾಶಂಕರ ಅಡುಗೆಮನೆಗೆ ಹೋದ. ಹೊಸ ದೋಸೆಯನ್ನು ತಾನೇ ಹುಯ್ದು, ತಾನೇ ತಂದಿಟ್ಟ.

ಇಷ್ಟು ಉರಿಮೂತಿಯ ಮನುಷ್ಯನ ಕೈಯಲ್ಲಿ ಇಷ್ಟು ತೆಳ್ಳನೆಯ ದೋಸೆ ಬರುತ್ತದಾ... ಅಂತ ಪ್ರಿಯಾ ಅಚ್ಚರಿಪಟ್ಟಳು. ಮರುದಿನವೂ ಹೋದಳು. ಅದರ ಮರುದಿನವೂ.

ಪ್ರೀತಿ ಅಂತ ಇಬ್ಬರೂ ಒಪ್ಪಿಕೊಂಡದ್ದು ಚುಂಚನಕಟ್ಟೆಯಲ್ಲಿ. ಒಂದು ಭಾನುವಾರ ಕಟ್ಟೆಯ ಮೇಲಿಂದ ಬೀಳುವ ಕಾವೇರಿಯನ್ನು ನೋಡುತ್ತ ಕೂತಿದ್ದರು. ದಾರಿಯ ಗಾಡಿಯಲ್ಲಿ ಉಮಾಶಂಕರ ಬೇಯಿಸಿದ ಮೊಟ್ಟೆ ಕೊಂಡಿದ್ದ. ಉಪ್ಪು ಖಾರ ಹಚ್ಚಿ, ಅತ್ತಿತ್ತ ನೋಡಿ, ಕಳ್ಳನ ಹಾಗೆ ಬಾಯಿಗಿಟ್ಟುಕೊಂಡ. ಕಾಲೇಜಿನ ಕಾಲದಿಂದ ಅಭ್ಯಾಸ, ಭೇರ್ಯದಲ್ಲಿರುವ ಅಮ್ಮನಿಗೆ ಗೊತ್ತಾದರೆ ಮನೆಗೆ ಸೇರಿಸುವುದಿಲ್ಲ ಅಂದ. ಪ್ರಿಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆಮೇಲೆ ತನ್ನದನ್ನೂ ಹೇಳಿದಳು. ಪ್ರಿಯಾ ಅನ್ನುವ ಹೆಸರಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಹನಗೋಡಿನಲ್ಲಿ, ಹೊಳೆಯ ಕಡೆಯ ಕೇರಿಯ ಮಹದೇವಯ್ಯ, ರಾಚಮ್ಮರ ಮಗಳು ಅಂದರೆ ಎಲ್ಲರಿಗೂ ತಿಳಿಯುತ್ತದೆ. ಚಿಕ್ಕವಳಿದ್ದಾಗ ಸ್ಕೂಲಿಗೆ ಡಬ್ಬಿಯಲ್ಲಿ ಒಣಮೀನಿನ ಗೊಜ್ಜು ಒಯ್ದಿದ್ದಳು. ಬೆಂಚಿನಲ್ಲಿದ್ದವರು ಮೂಗು ಮುಚ್ಚಿಕೊಂಡು ಬೇರೆ ಬೆಂಚಿಗೆ ಹೋದರು. ಅವತ್ತೇ ಮಾಂಸ ಮೀನು ಬಿಟ್ಟಳು. ದೊಡ್ಡವಳಾಗಿ ಓದುತ್ತ ಓದುತ್ತ ಹಾಲನ್ನೂ ಬಿಟ್ಟಳು. ಬೆಂಚಿನವರು ಮಾತ್ರ ವಾಪಸ್ ಬಂದಿರಲಿಲ್ಲ.

ಹೇಳಿ ಮುಗಿಸಿ ಅವನ ಮುಖ ನೋಡಿದಳು.

"ಅದೆಲ್ಲ ಯಾವ ಕಾಲದ ಮಾತು ಬುಡಿ," ಅಂದ ಉಮಾಶಂಕರ. "ಅಮ್ಮಂಗೆ ನಾನು ಹೇಳ್ತೀನಿ. ಎಲ್ಲಾನೂ ಹೇಳ್ತೀನಿ."

ಅವನು ಹೇಳಿದ. ಎಲ್ಲವನ್ನೂ ಹೇಳಲಿಲ್ಲ, ಅಷ್ಟೇ. ಹುಡುಗಿ ಹನಗೋಡಿನವಳು, ಓದಿದವಳು, ಆಸ್ಪತ್ರೆಯಲ್ಲಿ ಕೆಲಸ, ಮಾಂಸ ಮುಟ್ಟುವುದಿಲ್ಲ, ಹಾಲನ್ನೂ ಮುಟ್ಟುವುದಿಲ್ಲ ಅಂತ ಮಾತ್ರ ಹೇಳಿದ. ಲಿಂಗ ಕಟ್ಟಿದ ಮನೆಯಲ್ಲಿ ಹುಟ್ಟಿ ಬೆಳೆದ ಅವನ ಅಮ್ಮ ನೀಲಾಂಬಿಕೆಗೆ ಅಷ್ಟು ಸಾಕಾಯಿತು. ಅದೆಂಥ ಮಡಿಯ ಮನೆಯ ಹೆಣ್ಣೋ, ಕರೆದುಕೊಂಡು ಬಾ ಅಂದರು.

ಪ್ರಿಯಾ ಭೇರ್ಯದ ಆ ಮನೆಗೆ ಹೋದ ದಿನ ನೀಲಾಂಬಿಕೆ ಅವಳ ಕೆನ್ನೆ ಸವರಿ ನೆಟಿಗೆ ಮುರಿದರು. ತಾವೇ ಕೈ ಹಿಡಿದು ಅಡುಗೆಮನೆಗೆ ಕರೆದೊಯ್ದರು. ನನ್ನ ಮಗನಿಗೆ ಏನು ಮಾಡಿ ಹಾಕುತ್ತೀಯೋ ನೋಡೋಣ ಅಂತ ಒಲೆ ಬಿಟ್ಟುಕೊಟ್ಟರು. ಪ್ರಿಯಾ ಅವರೆಕಾಳಿನ ಸಾರು ಮಾಡಿದಳು. ನೀಲಾಂಬಿಕೆ ಅಂಗೈಗೆ ಒಂದು ತೊಟ್ಟು ಹಾಕಿಕೊಂಡು ನೆಕ್ಕಿ, ಚೆನ್ನಾಗದೆ ಕಣವ್ವ ಅಂದರು.

ಇಷ್ಟು ಸುಲಭವಾ... ಇವರು ಹೇಳಿದ್ದಾರೆ, ಎಲ್ಲ ಗೊತ್ತಿದ್ದೂ ಅಮ್ಮ ಒಲೆ ಬಿಟ್ಟುಕೊಟ್ಟಿದ್ದಾರೆ! ಪ್ರಿಯಾಳ ಕಣ್ಣು ತುಂಬಿತು. ಒಗ್ಗರಣೆಯ ಹೊಗೆ ಅಂತ ಒರೆಸಿಕೊಂಡಳು.

ಮೊದಲು ಅವಳಿಗೇ ಬಡಿಸಿದರು. ಊಟದ ನಡುವೆ ನೀಲಾಂಬಿಕೆ ಅಕ್ಕರೆಯಿಂದಲೇ ಕೇಳಿದರು. ಹನಗೋಡಿನಲ್ಲಿ ಯಾರ ಮನೆ? ನಮ್ಮ ಬೀಗರು ಸುಮಾರು ಜನ ಅಲ್ಲಿದ್ದಾರೆ.

ಪ್ರಿಯಾ ಅಪ್ಪನ ಹೆಸರು ಹೇಳಿದಳು. ಕೇರಿಯನ್ನೂ ಹೇಳಿದಳು. ಗೊತ್ತಿರುವವರಿಗೆ ಮತ್ತೆ ಹೇಳುತ್ತಿದ್ದೇನೆ ಅಂದುಕೊಂಡೇ ಹೇಳಿದಳು.

ನೀಲಾಂಬಿಕೆಯ ಕೈಯಲ್ಲಿದ್ದ ಸೌಟು ನಿಂತಿತು. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಪ್ರಿಯಾ ತಡೆದುಕೊಳ್ಳುತ್ತಿದ್ದಳು.

ಮಗನ ಕಡೆ ತಿರುಗಿ ಒಂದೇ ಮಾತು ಕೇಳಿದರು.

"ನಿಂಗೆ ಗೊತ್ತಿತ್ತಾ?"

ಪ್ರಿಯಾ ಅವನನ್ನು ನೋಡಿದಳು. ಹೇಳು... ನಾನು ಮುಚ್ಚಿಟ್ಟವಳಲ್ಲ ಅಂತ ಹೇಳು.

ಉಮಾಶಂಕರ ಅಮ್ಮನ ಹಣೆಯ ವಿಭೂತಿಯನ್ನು ನೋಡಿದ, ನೆಲ ನೋಡಿದ.

"ಇಲ್ಲ," ಅಂದ.

ನೀಲಾಂಬಿಕೆ ಎದ್ದರು. ಒಲೆಯ ಮೇಲಿದ್ದ ಸಾರಿನ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಹಿತ್ತಿಲಿಗೆ ಒಯ್ದು, ನುಗ್ಗೆಮರದ ಬುಡಕ್ಕೆ ಸುರಿದರು. ಬಂದು ಒಲೆಗೆ ನೀರು ಹೊಯ್ದರು. ಅದು ಚುಂಯ್ ಅಂದು ಆರಿತು. ಪ್ರಿಯಾ ಊಟ ಬಿಟ್ಟು ಎದ್ದಳು.

"ನಾನು ಮಾಂಸ ತಿನ್ನಲ್ಲ ಅಮ್ಮ," ಅಂದಳು. ಯಾಕೆ ಹಾಗೆ ಅಂದೆ ಅಂತ ಆಮೇಲೆ ತನ್ನನ್ನೇ ಬಯ್ದುಕೊಂಡಳು. "ಹಾಲೂ ಮುಟ್ಟಲ್ಲ."

"ನೀನು ತಿನ್ನದೆ ಇರಬೌದು ತಾಯಿ," ನೀಲಾಂಬಿಕೆಯ ದನಿ ಮೆತ್ತಗೇ ಇತ್ತು. "ನಿನ್ನ ಮೈ ಅದನ್ನೇ ತಿಂದು ಬೆಳೆದದಲ್ಲಾ. ಅದು ಅನ್ನ ಬದಲಾಯಿಸಿದ್ರೆ ಹೋಯ್ತದಾ?"

ಆಮೇಲೆ, ಉಂಡ ತಟ್ಟೆಯನ್ನು ನೀನೇ ತೊಳೆದು ಹೊರಗೆ ಗೋಡೆ ಪಕ್ಕ ಇಟ್ಟು ಹೋಗು, ಒಳಗೆ ತರಬೇಡ ಅಂದರು.

ಕದ್ದು ಮೊಟ್ಟೆ ತಿನ್ನುವವನು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದ. ಪ್ರಿಯಾ ಬಾಯಿ ತೆರೆದಿದ್ದರೆ ಸಾಕಿತ್ತು. ತೆರೆಯಲಿಲ್ಲ. ಹಿತ್ತಿಲ ಕಲ್ಲಿನ ಮೇಲೆ ಕೂತು ಆ ತಟ್ಟೆ ತೊಳೆದಳು. ಹೇಳಿದ ಜಾಗದಲ್ಲಿಟ್ಟು ಬಸ್ಸಿಗೆ ನಡೆದಳು. ಉಮಾಶಂಕರ ಹಿಂದೆ ಬರಲಿಲ್ಲ.

ತಟ್ಟೆ ಯಾಕೆ ತೊಳೆದೆ ನಾನು? ದಾರಿಯುದ್ದಕ್ಕೂ ಅದೊಂದೇ. ಅವರು ಹೇಳಿದ್ದರಲ್ಲಿ ಅಲ್ಲ, ತಾನು ತೊಳೆದುಕೊಟ್ಟದ್ದರಲ್ಲೇ ಅವಳ ಮೈ ಸುಡುತ್ತಿತ್ತು.

ಹನಗೋಡಿನ ಮನೆಯಲ್ಲಿ ಅವತ್ತು ಮಹದೇವಯ್ಯ ಕುರಿಮಾಂಸ ತಂದಿದ್ದರು. ಪ್ರಿಯಾ ಕಾಲು ತೊಳೆದವಳೇ ಒಲೆಯ ಮುಂದೆ ಕೂತು, ನನಗೂ ಹಾಕು ಅಂದಳು. ರಾಚಮ್ಮ ಮಗಳ ಮುಖ ನೋಡುತ್ತಲೇ ಬಡಿಸಿದರು. ಪ್ರಿಯಾ ತುಂಡೊಂದನ್ನು ಬಾಯಿಗಿಟ್ಟಳು, ಅಗಿದಳು. ನುಂಗಲು ಆಗಲಿಲ್ಲ. ಎದ್ದು ಹೊರಗೋಡಿ ಉಗುಳಿದಳು. ಅಲ್ಲೇ ಕುಸಿದು ಕೂತು ನಡೆದದ್ದನ್ನೆಲ್ಲ ಹೇಳಿ ಅತ್ತಳು.

ರಾಚಮ್ಮ ಅವಳ ಬಾಯಿ ತೊಳೆಸಿದರು.

"ಆವತ್ತು ಅವ್ರಿಗೋಸ್ಕರ ಬುಟ್ಟೆ. ನಾ ಬ್ಯಾಡ ಅನ್ಲಿಲ್ಲ. ಈಗ ಅವ್ರ ಮ್ಯಾಲಿನ ಸಿಟ್ಟಿಗೆ ತಿನ್ಬ್ಯಾಡ ಕಣವ್ವ. ನಿನ್ನ ಹೊಟ್ಟೆ ಏನ್ ಕೇಳ್ತದೆ ಅದ ತಿನ್ನು."

ಅವಳ ಹೊಟ್ಟೆ ಕೇಳಿದ್ದು ಮುದ್ದೆ, ಹುರುಳಿಕಾಳಿನ ಬಸ್ಸಾರು. ಯಾರ ಬೆಂಚಿಗೂ ಸೇರಬೇಕಾಗಿಲ್ಲ, ಯಾರನ್ನೂ ಒಪ್ಪಿಸಬೇಕಾಗಿಲ್ಲ, ಆದರೂ ನನಗೆ ಇದೇ ಬೇಕು ಅನ್ನುವುದು ಅವಳಿಗೆ ಅವತ್ತು ಗೊತ್ತಾಯಿತು.

ಹುಣಸೂರಿನ ಕೆಲಸ ಬಿಟ್ಟು ಎಚ್.ಡಿ. ಕೋಟೆಯ ಆಸ್ಪತ್ರೆಯೊಂದಕ್ಕೆ ಸೇರಿದಳು. ಉಮಾಶಂಕರನ ಫೋನು ಎತ್ತಲಿಲ್ಲ. ಅವನು ಕಳಿಸಿದ ಮೆಸೇಜುಗಳನ್ನು ಓದದೆ ಅಳಿಸಿದಳು. ಆದರೂ ಯಾರಾದರೂ ಅವನ ಹಾಗೆ ಜೋರಾಗಿ ಮಾತಾಡಿದರೆ ತಿರುಗಿ ನೋಡುತ್ತಿದ್ದಳು... ತಿರುಗಿದ್ದಕ್ಕೆ ತನ್ನನ್ನೇ ಬಯ್ದುಕೊಳ್ಳುತ್ತಿದ್ದಳು.

ಮಳೆಗಾಲ ಕಳೆದು, ಲಕ್ಷ್ಮಣತೀರ್ಥ ತಿಳಿಯಾಗಿ ಹರಿಯುತ್ತಿದ್ದ ಒಂದು ಭಾನುವಾರ ಮಧ್ಯಾಹ್ನ ಅವನು ಹನಗೋಡಿಗೇ ಬಂದ. ಗಡ್ಡ ಬೆಳೆದಿತ್ತು. ಕೇರಿಯ ಬಾಯಲ್ಲೇ ಮನೆ ವಿಚಾರಿಸಿದ್ದರಿಂದ ಜನ ಬಾಗಿಲುಗಳಲ್ಲಿ ನಿಂತು ನೋಡುತ್ತಿದ್ದರು. ಜಗಲಿಯಲ್ಲಿದ್ದ ಮಹದೇವಯ್ಯ ಎದ್ದು ನಿಲ್ಲಲಿಲ್ಲ, ಕೂತುಕೋ ಅಂತಲೂ ಅನ್ನಲಿಲ್ಲ.

ಅವನು ನಿಂತೇ ಮಾತಾಡಿದ. ತಪ್ಪಾಯಿತು ಅಂದ. ಅಮ್ಮ ಬೇರೆ ಹೆಣ್ಣು ನೋಡಿದ್ದಾರೆ, ನನ್ನಿಂದ ಆಗುವುದಿಲ್ಲ ಅಂದ. ಅವತ್ತು ಹೆದರಿದೆ, ಆಮೇಲೆ ಒಂದು ತುತ್ತೂ ನೆಟ್ಟಗೆ ಇಳಿದಿಲ್ಲ ಅಂದ.

ಪ್ರಿಯಾ ಬಾಗಿಲಿಗೆ ಒರಗಿ ಎಲ್ಲವನ್ನೂ ಕೇಳಿಸಿಕೊಂಡಳು. ಓಡಿಹೋಗಿ ಆ ಗಡ್ಡವನ್ನು ಮುಟ್ಟಬೇಕು ಅನಿಸಿತು. ಕೈ ಕಟ್ಟಿಕೊಂಡೇ ನಿಂತಳು.

"ಇಲ್ಲಿ ಯಾಕೆ ಹೇಳ್ತಿದ್ದೀರಿ? 'ಇಲ್ಲ' ಅಂದದ್ದು ಇಲ್ಲಲ್ಲ. ಭೇರ್ಯಕ್ಕೆ ನಡೀರಿ. ನಿಮ್ಮಮ್ಮನ ಎದುರಿಗೆ, ನನ್ನ ಎದುರಿಗೆ ಹೇಳಿ."

ಅವನ ಮುಖ ಬಿಳಿಚಿತು. ಅವಳಿಗೆ ಒಂದಿಷ್ಟೂ ಕನಿಕರ ಬರಲಿಲ್ಲ. ಬರಬಾರದು ಅಂತಲೇ ಗಟ್ಟಿಯಾಗಿದ್ದಳು.

ಭೇರ್ಯ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ನೀಲಾಂಬಿಕೆ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಇಬ್ಬರನ್ನೂ ಕಂಡು ಮೊರವನ್ನು ಪಕ್ಕಕ್ಕೆ ಸರಿಸಿದರು. ಒಳಗೆ ಕರೆಯಲಿಲ್ಲ.

ಉಮಾಶಂಕರನ ದನಿ ಮೊದಲ ಮಾತಿಗೇ ಒಡೆಯಿತು. ನಿಲ್ಲಿಸಿ, ಉಗುಳು ನುಂಗಿ, ಮತ್ತೆ ಶುರು ಮಾಡಿದ.

"ಅಮ್ಮ, ನಂಗೆ ಗೊತ್ತಿತ್ತು. ಇವಳು ಮೊದ್ಲೇ ಎಲ್ಲಾನೂ ಹೇಳಿದ್ಲು. ಸುಳ್ಳು ಹೇಳ್ದೋನು ನಾನು. ಇನ್ನೊಂದು ಮಾತು... ನಾನು ಮೊಟ್ಟೆ ತಿಂತೀನಿ. ಕಾಲೇಜಿಂದ ತಿಂತಿದೀನಿ. ಇವಳು ಹಾಲನ್ನೂ ಮುಟ್ಟಲ್ಲ. ಈಗ ಹೇಳು, ಈ ಮನೆ ಒಲೆ ಮುಟ್ಟಬಾರದೋರು ಯಾರು?"

ನೀಲಾಂಬಿಕೆ ಮಗನನ್ನೇ ನೋಡಿದರು. ಒಮ್ಮೆ ತುಟಿ ನಡುಗಿತು. ಈಗ ಕರಗುತ್ತಾರೆ ಅಂತ ಪ್ರಿಯಾ ಅಂದುಕೊಂಡಳು.

"ಮೊಟ್ಟೆ ತಿಂದಿದ್ದಕ್ಕೆ ಸ್ನಾನ ಅದೆ, ವಿಭೂತಿ ಅದೆ. ತೊಳಕೊಂಡು ಒಳೀಕ್ ಬಾ," ಅಂದರು. "ಇವಳಿಗೆ ಯಾವ ನೀರೂ ಇಲ್ಲ."

ಇಷ್ಟು ದಿನ ಯಾವುದು ಸಸ್ಯಾಹಾರ, ಯಾವುದಲ್ಲ ಅಂತ ಎಷ್ಟು ಜನಕ್ಕೆ ಬಿಡಿಸಿ ಹೇಳಿದ್ದಳು ಪ್ರಿಯಾ! ಆ ಮನೆಯಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ಅವಳಿಗೆ ಅಳು ಬರಲಿಲ್ಲ, ಒಳಗಿನ ಏನೋ ಒಂದು ಭಾರ ಇಳಿಯಿತು. ತಾನು ಬಿಡಬೇಕಾದ್ದು ಇನ್ನು ಏನೂ ಉಳಿದಿಲ್ಲ.

"ನಾನು ನಿಮ್ಮ ಒಲೆ ಕೇಳೋಕೆ ಬಂದಿಲ್ಲ ಅಮ್ಮ," ಅಂದಳು. "ನಿಮ್ಮ ಮಗನ ಬಾಯಿಂದ ನಿಜ ಕೇಳೋಕೆ ಬಂದೆ. ಕೇಳಿದೆ."

ತಿರುಗಿ ನಡೆದಳು. ಹಿಂದೆ ನೋಡಬಾರದು, ಬರುತ್ತಾನೋ ಇಲ್ಲವೋ ನೋಡಬಾರದು... ಬೀದಿಯ ತಿರುವಿನ ತನಕ ಅವಳ ಕಿವಿಯೆಲ್ಲ ಬೆನ್ನಲ್ಲೇ ಇತ್ತು. ಹಿಂದಿನಿಂದ ಬಾಗಿಲು ಹಾಕಿಕೊಂಡ ಸದ್ದು, ಒಳಗಿನ ಅಗಳಿಯ ಸದ್ದು ಕೇಳಿತು. ಒಳಗೆ ಹೋದ ಅಂದುಕೊಂಡಳು.

ಆಮೇಲೆ ಚಪ್ಪಲಿ ಎಳೆಯುವ ಸದ್ದು ಪಕ್ಕಕ್ಕೇ ಬಂತು.

ಬಸ್ ನಿಲ್ಲುವ ಕಡೆ ಇಬ್ಬರೂ ಹೋಗಿ ನಿಂತರು. ಹೋಟೆಲು ಅಮ್ಮನ ಹೆಸರಿನಲ್ಲಿದೆ, ನಾಳೆಯಿಂದ ಅದೂ ಇಲ್ಲ ಅಂತ ಅವನೇ ಹೇಳಿದ. ಅವಳು ಅಯ್ಯೋ ಅನ್ನಲಿಲ್ಲ. ಅವನು ಅತ್ತ. ಅಮ್ಮನಿಗಾಗಿ ಅಳುತ್ತಿದ್ದಾನೆ ಅಂತ ಅವಳಿಗೆ ಗೊತ್ತಿತ್ತು. ಅಳಲಿ ಅಂತ ಬಿಟ್ಟಳು. ಆ ಬಾಗಿಲು ಇನ್ನು ಇಬ್ಬರಿಗೂ ತೆರೆಯುವುದಿಲ್ಲ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ಸ್ವಲ್ಪ ಹೊತ್ತಾದ ಮೇಲೆ ತನ್ನ ಸೆರಗಿನ ತುದಿಯನ್ನು ಅವನ ಕೈಗೆ ಕೊಟ್ಟಳು. ಅವನು ಮುಖ ಒರೆಸಿಕೊಂಡ.

"ಪ್ರಿಯಾ... ಇನ್ನೂ ಬೇಕಾ ನಾನು?"

"ಬೇಡ ಅಂತ ಎಷ್ಟೋ ಸಲ ಹೇಳ್ಕೊಂಡೆ. ಆಗಲಿಲ್ಲ."

ದೂರದಲ್ಲಿ ಬಸ್ಸಿನ ದೀಪ ಕಂಡಿತು.

"ಎಲ್ಲಿಗೆ ಹೋಗೋದು ಈಗ?"

"ಹನಗೋಡಿಗೆ. ನೀವು ಅಪ್ಪನ್ನ ಕೇಳ್ಬೇಕು."

"ಏನಂತ ಕೇಳ್ಲಿ?"

"ನಿಮ್ಮ ಮಗಳನ್ನ ಕೊಡಿ ಅಂತ. ಎಲ್ರಿಗೂ ಕೇಳೋ ಹಾಗೆ ಕೇಳಿ."

"ಆಗಲ್ಲ ಅಂದ್ರೆ?"

ಪ್ರಿಯಾ ಮೊದಲ ಸಲ ಅವನ ಕೈ ಹಿಡಿದಳು.

"ಅನ್ನಬೋದು. ಅನ್ನೋ ಹಕ್ಕು ಅವರಿಗಿದೆ," ಅಂದಳು. "ಆದ್ರೆ ನಿಜ ಹೇಳಿ ಬಂದೋರನ್ನ ನಮ್ಮನೇಲಿ ಮೊದ್ಲು ಒಳಗೆ ಕರೀತಾರೆ. ಬನ್ನಿ."