ಗುರುವಾರದ ಸಹಿ

ಗದ್ದೆಯನ್ನು ಜಂಬಮ್ಮನಿಗೆ ಬರೆದುಕೊಡುತ್ತೇನೆ ಎಂದು ಮಾವ ಅಂದಿದ್ದನ್ನಾದರೂ ಉಚ್ಚಂಗೆಪ್ಪ ನುಂಗಿಕೊಳ್ಳುತ್ತಿದ್ದನೇನೋ. ಆ ಕಾಗದಕ್ಕೆ ನೀನೇ ಬಂದು ಸಾಕ್ಷಿ ಹಾಕು ಅಂದದ್ದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

"ಶುಕ್ರವಾರ ಸಿರುಗುಪ್ಪಕ್ಕ ಹೋಗಿ ರಿಜಿಸ್ಟರ್ ಮಾಡಸ್ತೀನಿ," ಎಂದಿದ್ದ ಕುರುಗೋಡಿನ ಮೈಲಾರಲಿಂಗಪ್ಪ, ಹೆಂಡತಿ ಮಕ್ಕಳಿಲ್ಲದ ಅವನ ಸೋದರಮಾವ. "ಕಣ್ಣು ಹೋದಾಗಿಂದ ಗಂಜಿ ಕಾಸಿ ಕೊಟ್ಟಾಕಿ ಆಕಿನ. ನೀನು ಓದಿದಾಂವ, ನಿನ್ನ ಸಹಿ ಇದ್ರ ಚಂದ."

ತೆಕ್ಕಲಕೋಟೆಯ ಮೂರೆಕರೆ ಕಾಲುವೆ ಗದ್ದೆ. ಬೇರೆ ವಾರಸುದಾರರಿಲ್ಲ, ಇಂದಲ್ಲ ನಾಳೆ ತನ್ನದೇ ಎಂದು ಹನ್ನೆರಡು ವರ್ಷ ಹಬ್ಬಕ್ಕೊಮ್ಮೆ ಹೋಗಿ ಮುದುಕನ ಕಾಲು ಮುಟ್ಟಿ, ಕೆಮ್ಮು ಕೇಳಿ ಬಂದಿದ್ದ. ಈಗ ಅದು ಮುಸುರೆ ತಿಕ್ಕುವವಳ ಪಾಲು. ಹೆಬ್ಬೆಟ್ಟು ಒತ್ತಲು ಯಾವ ಕೈ ಚಾಚಬೇಕೆಂದೂ ಅವಳಿಗೆ ತಿಳಿಯದು. ಸ್ವರಾಜ್ಯ ಬಂದು ಮೂರು ವರ್ಷವಾದರೂ ಮಾವನಂಥವರಿಗೆ ಬುದ್ಧಿ ಬಂದಿರಲಿಲ್ಲ. ಶುಕ್ರವಾರದೊಳಗೆ ಮಾವ ಸಾಯಬೇಕಿತ್ತು, ಅಷ್ಟೇ.

ಕೊಲೆ ಮಾಡಿ ಸಿಕ್ಕಿಬೀಳುವವರನ್ನು ಕಂಡರೆ ಉಚ್ಚಂಗೆಪ್ಪನಿಗೆ ಮೊದಲಿನಿಂದಲೂ ಅಸಹ್ಯ. ಸಿಟ್ಟು ಬಂತೆಂದು ಕುಡುಗೋಲು ಎತ್ತುತ್ತಾರೆ, ಆಮೇಲೆ ಎಲ್ಲಿದ್ದೆ ಎಂದು ಕೇಳಿದರೆ ಬೆಬ್ಬೆಬ್ಬೆ ಅನ್ನುತ್ತಾರೆ. ಅವನು ಮೊದಲು ಯೋಚಿಸಿದ್ದೇ ತಾನು ಎಲ್ಲಿರಬೇಕು ಎಂಬುದನ್ನು. ಬಳ್ಳಾರಿಯ ಹತ್ತಿ ಕಾರ್ಖಾನೆಯೊಂದರಲ್ಲಿ ಅವನು ಗೋದಾಮಿನ ಗುಮಾಸ್ತ. ಹತ್ತಿಯ ಅಂಡಿಗೆಗಳನ್ನು, ಬಿಗಿದು ಕಟ್ಟಿದ ಮೂಟೆಗಳನ್ನು, ಎಣಿಸಲು ಗೋದಾಮು ಹೊಕ್ಕರೆ ಸಂಜೆಯತನಕ ಯಾರೂ ಹುಡುಕಿಕೊಂಡು ಬರುವುದಿಲ್ಲ. ಅಲ್ಲಿನ ಹತ್ತಿ ಧೂಳೆಂದರೆ ಹೆಡ್ ಗುಮಾಸ್ತ ಚಿದಾನಂದಪ್ಪನಿಗೆ ಪ್ರಾಣ ಹೋದಂತೆ.

ಬುಧವಾರ ಸಂಜೆ ಅವನಿಗೆ ಹೇಳಿದ: "ನಾಳಿ ಇಡೀ ದಿನ ಗೋದಾಮಿನಾಗ ಇರ್ತೀನ್ರಿ."

"ಮೂಗಿಗೆ ಅರಿವಿ ಕಟ್ಟಿಗೊಳಪಾ," ಎಂದ ಚಿದಾನಂದಪ್ಪ. "ಆ ಧೂಳು ಎದಿಗೆ ಒಳ್ಳೇದಲ್ಲ."

ಇಂಥ ದಡ್ಡನ ಕೈಕೆಳಗೆ ಎಂಟು ವರ್ಷ ದುಡಿದೆನಲ್ಲ ಎಂದು ಉಚ್ಚಂಗೆಪ್ಪನಿಗೆ ನಾಚಿಕೆಯಾಯಿತು.

ಗುರುವಾರ ಎಂಟಕ್ಕೆ, ಜವಾನ ಬೀಗ ತೆಗೆದು ನೀರು ತರಲು ಹೋದ ಹೊತ್ತಿನಲ್ಲಿ, ಅವನು ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದ. ಕೋಟನ್ನು ಕುರ್ಚಿಗೆ ತಗುಲಿಹಾಕಿದ. ಗೋದಾಮಿನಿಂದ ಒಂದು ಹಿಡಿ ಹತ್ತಿ ಜೇಬಿಗೆ ತುರುಕಿಕೊಂಡು ಹಿಂದಿನ ಬಾಗಿಲಿನಿಂದ ಹೊರಬಿದ್ದ. ಬಸ್ಸು ಹತ್ತಿದರೆ ಕಂಡಕ್ಟರ್ ಮುಖ ನೆನಪಿಡುತ್ತಾನೆ, ಸೈಕಲ್ಲಿಗೆ ಆ ಕಾಟವಿಲ್ಲ. ಬಿಸಿಲಿಗೆಂದು ಮುಖಕ್ಕೆ ಟವೆಲ್ ಸುತ್ತಿಕೊಂಡು ಕುರುಗೋಡಿನ ದಾರಿ ಹಿಡಿದ.

ನಡುಮಧ್ಯಾಹ್ನ ಮಾವ ಹೊಲದ ಬಾವಿಗೆ ಒಬ್ಬನೇ ಸ್ನಾನಕ್ಕೆ ಬರುತ್ತಿದ್ದ. ಕೋಲಿನಿಂದ ಮೆಟ್ಟಿಲು ತಡವುತ್ತಿದ್ದವನಿಗೆ ಹೆಜ್ಜೆಯ ಸಪ್ಪಳ ಕೇಳಿಸಿತು.

"ಯಾರು, ಜಂಬಮ್ಮ?"

ಸಾಯುವ ಹೊತ್ತಿನಲ್ಲೂ ಅವಳ ಹೆಸರೇ. ಉಚ್ಚಂಗೆಪ್ಪ ಬೆನ್ನಿಗೆ ಅಂಗೈ ಇಟ್ಟು ನೂಕಿದ. ಎಷ್ಟು ಹಗುರ ಆಸಾಮಿ ಎಂದು ಅವನಿಗೇ ಆಶ್ಚರ್ಯವಾಯಿತು. ನೀರು ಸುಮ್ಮನಾಗುವವರೆಗೆ ನಿಂತಿದ್ದು ಹೊರಟ. ಕುರುಡ ಮುದುಕ ಕಾಲು ಜಾರಿ ಬಿದ್ದ ಎನ್ನಲು ಊರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ನಾಲ್ಕಕ್ಕೆ ಗೋದಾಮಿಗೆ ಮರಳಬೇಕಿತ್ತು. ಬಳ್ಳಾರಿ ಇನ್ನೂ ಆರು ಮೈಲಿ ಇರುವಾಗ ಚಕ್ರಕ್ಕೆ ಜಾಲಿ ಮುಳ್ಳು ಹೊಕ್ಕಿತು. ಸೈಕಲ್ ತಳ್ಳಿಕೊಂಡು ಊರು ಸೇರುವಷ್ಟರಲ್ಲಿ ಕಾರ್ಖಾನೆ ಬಿಡುವ ಹೊತ್ತು ದಾಟಿ ಕತ್ತಲಾಗಿತ್ತು. ಅವನೇನೂ ಗಾಬರಿಯಾಗಲಿಲ್ಲ. ಕೋಟು ಮರೆತು ಬಂದೆ ಎಂದರೆ ಆಯಿತು. ಜೇಬಿನ ಹತ್ತಿಯನ್ನು ತಲೆಗೆ, ಮೀಸೆಗೆ ಉಜ್ಜಿಕೊಂಡು ನೇರ ಕೌಲ್ ಬಜಾರಿನ ಮನೆಗೆ ನಡೆದ.

ಮನೆ ಮುಂದೆ ಜನ. ಒಳಗಿನಿಂದ ಹೆಂಡತಿ ಹನುಮಮ್ಮ ಎದೆ ಬಡಿದುಕೊಂಡು ಅಳುವುದು ಬೀದಿಗೇ ಕೇಳುತ್ತಿತ್ತು. ಸುದ್ದಿ ನಾಳೆ ಬರಬಹುದೆಂದು ಲೆಕ್ಕ ಹಾಕಿದ್ದ. ಇವತ್ತೇ ಬಂದರೆ ಇನ್ನೂ ವಾಸಿ. ಅಳಿಯನಾದವನು ಸತ್ತವನ ಗುಣ ಹಾಡಿ ಅಳಬೇಕು. ಅದನ್ನೂ ದಾರಿಯಲ್ಲಿ ಕಲಿತುಕೊಂಡು ಬಂದಿದ್ದ. ಟವೆಲ್ಲಿನಿಂದ ಮುಖ ಮುಚ್ಚಿ, ಯಾರನ್ನೂ ನೋಡದೆ ನುಗ್ಗಿ, ಪಡಸಾಲೆಯಲ್ಲಿ ಕುಸಿದು ಕೂತು ದನಿ ಎತ್ತಿದ.

"ಒಬ್ಬಾಂವನ ಬಾವಿಗೆ ಹೋಗಬ್ಯಾಡ ಅಂತ ಎಷ್ಟು ಸಲ ಹೇಳಿದ್ನೋ ಮಾವ. ಮುಂಜಾನಿಂದ ಗೋದಾಮಿನಾಗ ಅಂಡಿಗಿ ಎಣಸಾಕತ್ತಿದ್ನೆಪ್ಪೋ, ನನಗ ಯಾರೂ ಬಂದು ಹೇಳಲಿಲ್ಲೋ."

ಅಳು ತಟ್ಟನೆ ನಿಂತಿತು. ಟವೆಲ್ ಸರಿಸಿ ನೋಡಿದ. ಹನುಮಮ್ಮ ದೆವ್ವ ಕಂಡವಳಂತೆ ಬಾಯಿ ತೆರೆದು ಕೂತಿದ್ದಳು. ಅವಳ ಪಕ್ಕದಲ್ಲಿ ಚಿದಾನಂದಪ್ಪ, ತಲೆಯಿಂದ ಕಾಲಿನವರೆಗೆ ಮಣ್ಣು, ಉಗುರು ಕಿತ್ತು ರಕ್ತ ಸುರಿಯುವ ಕೈ.

ಬೆಳಿಗ್ಗೆ ಒಂಬತ್ತೂವರೆಗೆ, ಮಿಕ್ಕವರು ಬಂದು ಸಹಿ ಹಾಕುವ ಮೊದಲೇ, ಗೋದಾಮಿನ ಚಾವಣಿ ಇಡಿಯಾಗಿ ಕುಸಿದಿತ್ತು. ಮಿಕ್ಕ ಗೋಡೆಗಳನ್ನು ನಂಬುವಂತಿಲ್ಲವೆಂದು ಮಾಲೀಕರು ಎಲ್ಲರಿಗೂ ರಜೆ ಕೊಟ್ಟರು. ಆದರೆ ಹಾಜರಿ ಪುಸ್ತಕದಲ್ಲಿ ಒಂದೇ ಒಂದು ಸಹಿ ಇತ್ತು, ಕುರ್ಚಿಯ ಮೇಲೆ ಕೋಟು ಇತ್ತು; ಯಾರೂ ಮನೆಗೆ ಹೋಗಲಿಲ್ಲ. ಇಪ್ಪತ್ತು ಜನ ಕತ್ತಲಾಗುವವರೆಗೆ ಕಲ್ಲು ಹೊತ್ತು ಹಾಕಿದರೂ ಉಚ್ಚಂಗೆಪ್ಪನ ಹೆಣ ಸಿಗಲಿಲ್ಲ ಎಂದು ಹನುಮಮ್ಮನಿಗೆ ಹೇಳಲು ಈಗಷ್ಟೇ ಬಂದಿದ್ದರು. ಕುರುಗೋಡಿನಿಂದ ಯಾವ ಸುದ್ದಿಯೂ ಬಂದಿರಲಿಲ್ಲ. ಅಪಘಾತದ ವಿವರ ಬರೆದುಕೊಳ್ಳಲು ಬಾಗಿಲ ಬಳಿ ಕೂತಿದ್ದ ಸಬ್ ಇನ್ಸ್‌ಪೆಕ್ಟರ್ ಹೊಸ ಹಾಳೆ ತಿರುವಿ ಕೇಳಿದ: "ಯಾವ ಬಾವಿ?"