ಮೂರು ಸಲ ಬಂದ ಉತ್ತರ

ಸೋಮವಾರ ಬೆಳಿಗ್ಗೆ 9.15ಕ್ಕೆ ಠಾಣೆಗೆ ಬಂದ ಬಸ್ ಚಾಲಕ ದೂರನ್ನು ಬರೆದುಕೊಂಡೇ ಬಂದಿದ್ದ. ಅವನ ಹೆಂಡತಿಯ ಎರಡೂ ಕಿಡ್ನಿ ಕೈಕೊಟ್ಟು ನಾಲ್ಕು ವರ್ಷವಾಗಿತ್ತು. ಶುಕ್ರವಾರ ಆಸ್ಪತ್ರೆಗೆ ದಾನಿಯೊಬ್ಬರ ಕಿಡ್ನಿ ಬಂತು. ಸರದಿಯಲ್ಲಿ ಅವಳೇ ಮೊದಲು. ಆದರೆ ಅವಳ ರಕ್ತ ಹೊಂದಾಣಿಕೆಯ ವರದಿ ಬೆಳಿಗ್ಗೆ ಹನ್ನೊಂದು ಗಂಟೆಯೊಳಗೆ ಕಂಪ್ಯೂಟರಿನಲ್ಲಿ ದಾಖಲಾಗಲಿಲ್ಲವೆಂದು ಕಿಡ್ನಿ ಎರಡನೆಯವರ ಪಾಲಾಯಿತು.

"ಕಳಿಸಿದೀವಿ ಅಂತ ಲ್ಯಾಬಿನವರು ಆಣೆ ಮಾಡ್ತಾರೆ ಸಾರ್. ಬಂದೇ ಇಲ್ಲ ಅಂತಾರೆ ಡಾಕ್ಟ್ರು. ಇನ್ನೊಂದು ಕಿಡ್ನಿ ಬರೋವರೆಗೂ ಅವಳು ಇರ್ತಾಳೋ ಇಲ್ವೋ."

9.50ಕ್ಕೆ ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್ ಮತ್ತು ಮಹಿಳಾ ಹೆಡ್ ಕಾನ್‌ಸ್ಟೆಬಲ್ ಮೊದಲು ಹೋದದ್ದು ಲ್ಯಾಬಿಗೆ. ಅಲ್ಲಿನ ತಂತ್ರಜ್ಞೆ ಪರದೆ ತೋರಿಸಿದಳು: ಶುಕ್ರವಾರ 10.31, ವರದಿ ತಲುಪಿದೆ.

"ಒಂದು ಫೋನ್ ಮಾಡಬಹುದಿತ್ತಲ್ಲ?"

"ತಲುಪಿದೆ ಅಂತ ಬಂದ್ಮೇಲೆ ಯಾಕೆ ಮಾಡ್ಲಿ ಸಾರ್? ಎರಡನೆಯವರದ್ದೂ ಹೀಗೇ ಕಳಿಸಿದ್ದು, 10.05ಕ್ಕೆ. ಅದು ಸರಿಯಾಗೇ ಹೋಗಿದೆ."

ಕಿಡ್ನಿ ಯಾರಿಗೆ ಸಿಕ್ಕಿತೆಂದು ಹೇಳಲು ಆಸ್ಪತ್ರೆ ಒಪ್ಪಲಿಲ್ಲ. ಅದಕ್ಕೆ ನ್ಯಾಯಾಲಯದ ಅನುಮತಿ ಬೇಕಿತ್ತು.

ವರದಿಗಳೆಲ್ಲ ಬಂದು ಸೇರುವ ಸರ್ವರುಗಳು, ಅಂದರೆ ಆಸ್ಪತ್ರೆಯ ಸ್ವಂತ ಕ್ಲೌಡ್, ಇದ್ದದ್ದು ನೆಲಮಾಳಿಗೆಯ ತಣ್ಣನೆಯ ಕೋಣೆಯಲ್ಲಿ. ಅಲ್ಲಿ ಇಬ್ಬರೇ: ವಿಭಾಗದ ಮುಖ್ಯಸ್ಥರು ಮತ್ತು ಒಬ್ಬ ಎಂಜಿನಿಯರ್. ಮುಖ್ಯಸ್ಥರು ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಟ್ಟು ಮುಗಿಸುವ ಜಾತಿ.

"ಪ್ರತಿ ಸರ್ವರಿಗೂ ಒಂದು ಐಪಿ ವಿಳಾಸ ಕೊಡ್ತೀವಿ ಸಾರ್, ಮನೆ ನಂಬರ್ ಇದ್ದಂಗೆ. ಶುಕ್ರವಾರ ಒಂದೇ ನಂಬರು ಎರಡು ಮನೆಗೆ ಬಿದ್ದಿದೆ. ವರದಿ ಖಾಲಿ ಮನೆಗೆ ಹೋಗಿದೆ. ಆಕಸ್ಮಿಕ, ಅಷ್ಟೇ."

"ಆ ಖಾಲಿ ಮನೆ ಎಲ್ಲಿದೆ?"

"11.05ಕ್ಕೆ ಅಳಿಸಿದಾರೆ."

"ಯಾರು?"

"ಗೊತ್ತಾಗಲ್ಲ ಸಾರ್. ನಮ್ಮಿಬ್ಬರದೂ ಒಂದೇ ಪಾಸ್‌ವರ್ಡ್."

ಪಂಚರ ಎದುರು ಶುಕ್ರವಾರದ ದಾಖಲೆ ಮುದ್ರಿಸಿ, ಪಂಚನಾಮೆ ಬರೆದು ವಶಕ್ಕೆ ಪಡೆಯಲಾಯಿತು. ಹೆಡ್ ಕಾನ್‌ಸ್ಟೆಬಲ್ ಸಾಲಿನ ಮೇಲೆ ಬೆರಳಿಟ್ಟು ಓದುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿದರು.

"10.14, 10.15, 10.17. ಇದೇನು, ಒಂದೇ ಸಾಲು ಮೂರು ಸಲ?"

"ನಂಬರ್ ಕೊಡೋ ಮುಂಚೆ ಅದು ಖಾಲಿ ಇದೆಯಾ ಅಂತ ಕೇಳೋದು. ಇದೀನಿ ಅಂತ ಉತ್ತರ ಬಂದ್ರೆ ಅದನ್ನ ಕೊಡಬಾರ್ದು," ಎಂದರು ಮುಖ್ಯಸ್ಥರು.

ಮೂರು ಸಲವೂ ಉತ್ತರ ಬಂದಿತ್ತು. 10.20ಕ್ಕೆ ಅದೇ ನಂಬರನ್ನು ಹೊಸ ಸರ್ವರಿಗೆ ಕೊಡಲಾಗಿತ್ತು. ಮುಖ್ಯಸ್ಥರು ಆಮೇಲೆ ಆಕಸ್ಮಿಕ ಎಂಬ ಮಾತೆತ್ತಲಿಲ್ಲ.

ಮಂಗಳವಾರ 11.30ಕ್ಕೆ ಇನ್‌ಸ್ಪೆಕ್ಟರ್ ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ, ಹೊಸ ಸರ್ವರ್ ಒಂದಕ್ಕೆ ವಿಳಾಸ ಕೊಡಲು ಹೇಳಿದರು. ಮುಖ್ಯಸ್ಥರು ಪಟ್ಟಿಯಲ್ಲಿ ಕಣ್ಣಾಡಿಸಿ, ಯಾರನ್ನೂ ಏನನ್ನೂ ಕೇಳದೆ ಒಂದು ನಂಬರ್ ಒತ್ತಿ ಕೈ ಒರೆಸಿಕೊಂಡರು. ಎಂಜಿನಿಯರ್ ಒಂದು ಸಲ ಕೇಳಿದ. ಉತ್ತರ ಬರಲಿಲ್ಲ. ಕಾದ. ಮತ್ತೆ ಕೇಳಿದ. ಇನ್ನೂ ಸ್ವಲ್ಪ ಕಾದು ಮತ್ತೊಮ್ಮೆ ಕೇಳಿದ.

"ಮೂರು ಸಲ ಯಾಕಪ್ಪ?"

"ಕೆಲವು ಸರ್ವರ್ ತಡವಾಗಿ ಉತ್ತರ ಕೊಡ್ತವೆ ಸಾರ್. ನೋಡ್ದೆ ಕೊಟ್ರೆ ಯಾರಿಗೋ ತೊಂದ್ರೆ."

"ಶುಕ್ರವಾರ ಮೂರು ಸಲವೂ ಉತ್ತರ ಬಂದಿತ್ತಲ್ಲ?"

ಅವನು ಕೀಲಿಮಣೆಯನ್ನು ಪಕ್ಕಕ್ಕೆ ಸರಿಸಿದ.

"ಸರದಿಯಲ್ಲಿ ಎರಡನೆಯವಳು ನಮ್ಮಕ್ಕ ಸಾರ್. ಅಮ್ಮ ಹೋದಾಗ ನನಗೆ ಆರು ವರ್ಷ, ಅವಳಿಗೆ ಹದಿನಾಲ್ಕು. ಶಾಲೆ ಬಿಟ್ಟು ನನ್ನ ಸಾಕಿದಳು. ಈ ಸಲ ತಪ್ಪಿದ್ರೆ ಅವಳು ಉಳಿಯಲ್ಲ ಅಂದಿದ್ರು ಡಾಕ್ಟ್ರು. ಅವಳ ವರದಿ ಬಂದಿತ್ತು, ಮೊದಲನೆಯವರದ್ದು ಇನ್ನೂ ಬಂದಿರ್ಲಿಲ್ಲ. ಆ ಮನೆ ಒಳಗೆ ಇನ್ನೊಬ್ರು ಇದಾರೆ ಅಂತ ಗೊತ್ತಿತ್ತು ಸಾರ್. ಮೂರು ಸಲ ಕೇಳಿದ್ದೆ, ಗೊತ್ತಿಲ್ಲ ಅಂತ ಹೇಗೆ ಹೇಳ್ಲಿ?"

12.40ಕ್ಕೆ ಬಂಧನವಾಯಿತು. ಅವನು ಕೇಳಿಕೊಂಡದ್ದು ಒಂದೇ: ಅಕ್ಕನಿಗೆ ಗೊತ್ತಾಗಬಾರದು. ಅದು ಇನ್‌ಸ್ಪೆಕ್ಟರ್ ಕೈಯಲ್ಲಿರಲಿಲ್ಲ. ಅವಳ ಹೇಳಿಕೆಯೂ ಬೇಕಿತ್ತು.

ವೈದ್ಯರ ಅನುಮತಿ ಪಡೆದು 2.10ಕ್ಕೆ ವಾರ್ಡಿಗೆ ಹೋದಾಗ ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ಮುಖಕ್ಕೆ ಬಣ್ಣ ಬಂದಿತ್ತು. ಬಾಗಿಲಲ್ಲಿ ನಿಂತ ಸಮವಸ್ತ್ರ ಕಂಡು ಅವಳು ಹೆದರಲಿಲ್ಲ, ನಕ್ಕಳು.

"ಬನ್ನಿ ಸಾರ್. ನಾನೇ ಯಾರನ್ನಾದ್ರೂ ಕೇಳೋಣ ಅಂತಿದ್ದೆ. ಡಯಾಲಿಸಿಸ್‌ನಲ್ಲಿ ನನ್ನ ಪಕ್ಕದ ಮಂಚದೋಳು ಒಬ್ಬಳಿದ್ಲು. ಅವಳ ಗಂಡ ಬಸ್ ಓಡಿಸ್ತಾರೆ. ಸರದಿಯಲ್ಲಿ ನನಗಿಂತ ಮುಂದಿದ್ಲು. ಅವಳಿಗೂ ಸಿಕ್ತು ತಾನೆ?"

ಹೆಡ್ ಕಾನ್‌ಸ್ಟೆಬಲ್ ಕಿಟಕಿಯ ಕಡೆ ತಿರುಗಿದರು. ಇನ್‌ಸ್ಪೆಕ್ಟರ್ ಹೇಳಿಕೆಯ ಹಾಳೆಯ ಮೇಲೆ ದಿನಾಂಕ, ಸಮಯ ಬರೆದರು. ಆಮೇಲೆ ಪೆನ್ನು ಮುಚ್ಚಿ, ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತರು.