ಎಂಟು ಸೀರೆಗೆ ಒಂದೇ ಜರಿ

"ಒಂದೇ ಜರಿ ಚಿತ್ರಾನ ಎಂಟು ಸಲ ಯಾಕ ಲೋಡ್ ಮಾಡೀರಿ, ಮೇಡಂ? ಫೋನ್ ಸಾಯ್ತದ!"

ಶಿವಾಜಿನಗರದ ಆಫೀಸಿಗೆ ಬಂದ ಮೊದಲ ದಿನವೇ ಅಪೇಕ್ಷಾ ಬೈಸಿಕೊಂಡಳು. ಬೈದವನು ಅಲ್ಲಿನ ಹಿರಿಯ ಸಹೋದ್ಯೋಗಿ ಕಿಶೋರ. ಸಿಟ್ಟಿನಿಂದ ತಲೆಯೆತ್ತಿದವಳು ಅವನ ಕಣ್ಣು ನೋಡಿ ಸಿಟ್ಟನ್ನೇ ಮರೆತಳು!

ಅವರು ಕಟ್ಟುತ್ತಿದ್ದದ್ದು ಸೀರೆ ಅಂಗಡಿಯ ವೆಬ್‌ಸೈಟು. ಒಂದೇ ಪುಟದಲ್ಲಿ ಎಂಟು ಕ್ಯಾನ್ವಾಸ್, ಅಂದರೆ ಚಿತ್ರ ಮೂಡುವ ಚೌಕಟ್ಟು; ಒಂದೊಂದರಲ್ಲೂ ಒಂದು ಸೀರೆ. ಜರಿಯ ಚಿತ್ರವನ್ನು ಒಮ್ಮೆ ಮಾತ್ರ ಮೆಮೊರಿಗೆ ತಂದು ಎಂಟಕ್ಕೂ ಹಂಚುವುದನ್ನು ಅವನೇ ಕಲಿಸಿದ. ಕಲಿಯುತ್ತಾ ಕಲಿಯುತ್ತಾ ಅವಳು ಮನಸ್ಸು ಕೊಟ್ಟುಬಿಟ್ಟಳು.

ಒಂದು ಸಂಜೆ ಧೈರ್ಯ ಮಾಡಿ ಕೇಳಿದಳು.

"ಅಪ್ಪ ಮಂಗಳೂರಲ್ಲಿ ಹುಡುಗನ್ನ ನೋಡಿದ್ದಾರೆ. ಮಿಥುನ ಅಂತ. ಏನು ಹೇಳಲಿ?"

ಕಿಶೋರನ ಮುಖ ಬಾಡಿತು. "ಬಿಡ್ರಿ ಮೇಡಂ..." ಎಂದವನೇ ಎದ್ದು ಹೋದ.

ಬಿಡ್ರಿ! ಇಷ್ಟೇನಾ? ನನಗೂ ಅದಕ್ಕೂ ಸಂಬಂಧವಿಲ್ಲ ಅಂತಾನಾ?

ಅವಳು ಅಳುತ್ತಲೇ ಮನೆಯಲ್ಲಿ ಒಪ್ಪಿಗೆ ಕೊಟ್ಟಳು. ನಿಶ್ಚಿತಾರ್ಥವೂ ಆಯಿತು.

ಮದುವೆಗೆಂದು ಕೆಲಸ ಬಿಟ್ಟ ಅವಳಿಗೆ ಅದು ಆಫೀಸಿನ ಕೊನೆಯ ದಿನ. ಗ್ರಾಹಕರು ಪುಟದಲ್ಲಿ ಒಂದು ಸೀರೆಯನ್ನು ಮುಚ್ಚಿದಾಗ ಏನಾಗಬೇಕೆಂಬ ಕೆಲಸವಷ್ಟೇ ಉಳಿದಿತ್ತು.

"ಸೀರೆ ಮುಚ್ಚಿದ ಮೇಲೆ ಅದರ ಜರಿ ಚಿತ್ರ ಏನು ಮಾಡಲಿ?"

"ಅದನ್ನ ಬಿಡ್ರಿ."

ಕೈಬಿಡು ಅಂತ ತಿಳಿದು ಅವಳು ಅದನ್ನು ಮೆಮೊರಿಯಿಂದ ಅಳಿಸಿಬಿಟ್ಟಳು. ಉಳಿದ ಏಳು ಸೀರೆಗಳೂ ಕಪ್ಪಾದವು!

"ಅಯ್ಯೋ, ಯಾಕ ಅಳಿಸಿದ್ರಿ?"

"ನೀವೇ ಬಿಡ್ರಿ ಅಂದ್ರಲ್ಲ!"

"ಬಿಡ್ರಿ ಅಂದ್ರ ಮುಟ್ಟಬ್ಯಾಡ್ರಿ ಅಂತ! ಉಳಿದ ಸೀರಿಗೂ ಅದೇ ಬೇಕಲ್ರಿ!"

ಅಪೇಕ್ಷಾ ಕೀಬೋರ್ಡಿನಿಂದ ಕೈ ತೆಗೆದು ಅವನತ್ತ ತಿರುಗಿದಳು.

"ಹಾಗಾದ್ರೆ... ಅವತ್ತು ಅಂದಿದ್ದು?"

ಕಿಶೋರ ಕುರ್ಚಿ ಎಳೆದು ಕೂತ. "ಆ ಹುಡುಗನ ಮಾತು ಬಿಡ್ರಿ, ನಾ ಅದೀನಲ್ಲ ಅಂತ... ಪೂರಾ ಹೇಳಾಕ ಧೈರ್ಯ ಬರಲಿಲ್ರಿ. ಇಲ್ಲೇ ಸದಾಶಿವ ಪೇಠದಾಗ ನಿಮ್ಮಪ್ಪನ ಹೋಟೆಲ್ ಗ್ವಾಡಿ ಕಟ್ಟಿದ ಗೌಂಡಿ ನಮ್ಮಪ್ಪ. ಯಾವ ಮುಖ ಇಟ್ಕೊಂಡು ಕೇಳ್ಲಿ?"

"ನನ್ನನ್ನ ಕೇಳಬೇಕಿತ್ತು, ಕಿಶೋರ್! ನಾನು ಕಾಯ್ತಾ ಇದ್ದೆ..."

ಅವಳಿಗೆ ಅಳು ತಡೆಯಲಾಗಲಿಲ್ಲ. ಇಷ್ಟು ಪ್ರೀತಿ ಇಟ್ಟುಕೊಂಡು ಇಬ್ಬರೂ ಬಾಯಿ ಮುಚ್ಚಿ ಕೂತಿದ್ದರಲ್ಲ!

"ಈಗರ ನಿಮ್ಮಪ್ಪನ ಹತ್ರ ಬರ್ಲ್ಯಾ?"

ಬಾ ಎನ್ನಲು ಅವಳ ಜೀವವೆಲ್ಲ ಹಾತೊರೆಯಿತು. ಆದರೆ ಉಂಗುರ ತೊಡಿಸುವಾಗ ಮಿಥುನನ ಮುಖ ಸಂತೋಷಕ್ಕೆ ಅರಳಿದ್ದು ನೆನಪಾಯಿತು.

"ಬೇಡ. ಅವನು ಒಳ್ಳೆಯವನು. ನಾವು ಮಾತಾಡದೇ ಇದ್ದಿದ್ದು ಅವನ ತಪ್ಪಲ್ಲ."

ಕಿಶೋರ ಅವಳ ಬ್ಯಾಗು ಎತ್ತಿಕೊಟ್ಟ.

"ಹೋಗಿ ಬರ್ರಿ, ಅಪೇಕ್ಷಾ."

ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಬರೋದಿಲ್ಲ ನಾನು..."

"ಗೊತ್ತದರಿ. ಬರೇ ಹೋಗ್ರಿ ಅನ್ನಾಕ ನಾಲಿಗಿ ಏಳವಲ್ದು."